ಬೆಳಕು ಹಂಚೋ ಡಬ್ಬಿ ಎಲ್ಲಿ ಇಡಬೇಕು?

ಚಿಂಚೋಳಿ ಎಂಐಡಿಸಿಯಿಂದ ಅಕ್ಕಲಕೋಟದ ಕಡೀ ಹಳ್ಳಿ ತನಕ ಫೈಬರ್ ಇಂಟರ್‌ನೆಟ್‌ನ ಲೆಕ್ಕ

ಸೋಲಾಪುರ: ಅಕ್ಕನ ಮಗಳ ಪರೀಕ್ಷೆ ಅರ್ಜಿ ತುಂಬಲು ಅವತ್ತೇ ಕಡೇ ದಿನ. ಸಂಜೆ ಐದರ ಸುಮಾರಿಗೆ ಮನೆಯ ಇಂಟರ್‌ನೆಟ್ ಡಬ್ಬಿ ಮೇಲೆ ಕೆಂಪು ದೀಪ ಹತ್ತಿಕೊಂಡಿತು. ಬಂದ್ ಮಾಡಿ ಚಾಲೂ ಮಾಡಿದ್ದಾಯಿತು, ವಾಯರ್ ಕಿತ್ತು ಮತ್ತೆ ಹಚ್ಚಿದ್ದಾಯಿತು. ದೀಪ ಹಸಿರಾಗಲಿಲ್ಲ. ಅಕ್ಕ ಮಗಳನ್ನು ಕರಕೊಂಡು ರಿಕ್ಷಾ ಹತ್ತಿ ಸೈಬರ್ ಕೆಫೆಗೆ ಹೋದಳು. ಅಲ್ಲಿ ಪಾಳಿ ಹಚ್ಚಿ ನಿಂತು, ರಾತ್ರಿ ಅರ್ಜಿ ತುಂಬಿ ಮನೆಗೆ ಬಂದಾಗ ಇಬ್ಬರ ಮುಖವೂ ಬಾಡಿತ್ತು.

ಮರುದಿನ ಲೈನ್‌ಮನ್ ಬಂದ. ಜೇಬಿನಿಂದ ಮೊಬೈಲ್ ಗಾತ್ರದ ಮೀಟರ್ ತೆಗೆದು ತಂತಿಯ ತುದಿಗೆ ಹಚ್ಚಿದ. ಮೈನಸ್ 29 ಅಂತ ತೋರಿಸಿತು.

'ಬೆಳಕs ಸಾಲವಲ್ದು ಸರ್' ಅಂದ.

'ಯಾಕ ದಾದಾ? ನಿನ್ನೆ ಮಧ್ಯಾಹ್ನದ ತನಕ ಚಲೋ ಇತ್ತಲ್ಲ?'

'ಓಣ್ಯಾಗ ಮೂರು ಹೊಸಾ ಕನೆಕ್ಷನ್ ಕೊಟ್ಟಾರ ನೋಡ್ರಿ, ನಿಮ್ಮ ಲೈನ್ ಮ್ಯಾಲೇನs ಕೊಟ್ಟಾರ.'

ಆಗಿದ್ದು ಇಷ್ಟು. ನಮ್ಮ ಮನೆಗೆ ಬರುವ ತಂತಿಯನ್ನು ಕಂಬದ ಹತ್ತಿರ ಕತ್ತರಿಸಿ, ನಡುವೆ ಒಂದು ಸಣ್ಣ ಸ್ಪ್ಲಿಟರ್ ಕೂಡಿಸಿದ್ದರು. ಒಂದು ತಂತಿಯ ಬೆಳಕು ನಾಲ್ಕು ಪಾಲಾಗಿತ್ತು. ಮೂರು ಪಾಲು ಹೊಸ ಮನೆಗಳಿಗೆ, ಒಂದು ಪಾಲು ನಮಗೆ. ಮೊದಲು ಮೈನಸ್ 22 ಇದ್ದದ್ದು ಮೈನಸ್ 29ಕ್ಕೆ ಇಳಿದಿತ್ತು. ತಮಾಷೆ ಅಂದರೆ ಪಕ್ಕದ ಕಂಬದ ಮೇಲಿನ ಡಬ್ಬಿಯಲ್ಲಿ ನಾಲ್ಕು ಪೋರ್ಟ್ ಖಾಲಿ ಬಿದ್ದಿದ್ದವು. ಲೈನ್‌ಮನ್ ಆ ಮೂರು ಮನೆಗಳನ್ನು ಅಲ್ಲಿಗೆ ಹಚ್ಚಿ, ಸಣ್ಣ ಸ್ಪ್ಲಿಟರ್ ಬಿಚ್ಚಿ ಜೇಬಿಗೆ ಹಾಕಿಕೊಂಡ. ನಮ್ಮ ಡಬ್ಬಿ ಮತ್ತೆ ಮೈನಸ್ 22ಕ್ಕೆ ಬಂತು. ಕಂಪನಿಯ ಹೆಸರು ಇಲ್ಲಿ ಬ್ಯಾಡ.

ಬೆರಳುದ್ದದ ಒಂದು ಡಬ್ಬಿ, ಇಡಬಾರದ ಜಾಗದಲ್ಲಿ ಇಟ್ಟಿದ್ದಕ್ಕೆ ಇಷ್ಟೆಲ್ಲ ಆಗಿತ್ತು. ಅವತ್ತಿನಿಂದ ಈ ವರದಿಗಾರನಿಗೆ ಕಂಬದ ಮೇಲೆ ಕರಿ ಡಬ್ಬಿ ಕಂಡಲ್ಲೆಲ್ಲ ಗಾಡಿ ನಿಲ್ಲಿಸಿ ತಲೆ ಎತ್ತಿ ನೋಡುವ ಚಟ ಹತ್ತಿದೆ. ಓದಿದ್ದು ಬಿಕಾಂ. ಆದರೂ ಲೆಕ್ಕ ಲೆಕ್ಕವೇ ಅಲ್ಲವೇ? ಬೆಳಕಿನದಾದರೇನು, ರೊಕ್ಕದ್ದಾದರೇನು.

ಗಾಜಿನ ಎಳೆ

ಫೈಬರ್ ತಂತಿಯೊಳಗೆ ಕರೆಂಟ್ ಹರಿಯುವುದಿಲ್ಲ, ಬೆಳಕು ಹರಿಯುತ್ತದೆ. ಬೆಳಕು ಸಾಗುವ ನಡುಗಾಜು ಬರೀ 9 ಮೈಕ್ರಾನ್ ದಪ್ಪ. ಅಂದರೆ ತಲೆಗೂದಲನ್ನು ಉದ್ದಕ್ಕೆ ಏಳೆಂಟು ಸೀಳು ಮಾಡಿದರೆ ಬರುವ ಒಂದು ಸೀಳಿನಷ್ಟು. 1966ರಲ್ಲಿ ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದ ಚಾರ್ಲ್ಸ್ ಕಾವ್ ಎಂಬುವವರು, ಗಾಜನ್ನು ಸಾಕಷ್ಟು ಶುದ್ಧ ಮಾಡಿದರೆ ದೂರದೂರಿಗೆ ಬೆಳಕಿನಲ್ಲೇ ಮಾತು ಕಳಿಸಬಹುದು ಎಂದು ತೋರಿಸಿಕೊಟ್ಟರು. ಆಗ ಅವರು ಇಟ್ಟುಕೊಂಡ ಗುರಿ, ಒಂದು ಕಿ.ಮೀ. ದಾಟಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕಾದರೂ ಉಳಿಯಬೇಕು ಎಂಬುದಷ್ಟೇ. ಅಮೆರಿಕದ ಕಾರ್ನಿಂಗ್ ಕಂಪನಿ 1970ರಲ್ಲಿ ಆ ಗುರಿ ದಾಟಿತು. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಹುಮಾನ ಬಂತು. ಈಗಿನ ತಂತಿಯಲ್ಲಿ ಒಂದು ಕಿ.ಮೀ. ಹೋದ ಮೇಲೂ ನೂರಕ್ಕೆ 92 ಪಾಲು ಬೆಳಕು ಉಳಿಯುತ್ತದೆ.

ಲೈನ್‌ಮನ್‌ಗಳು ಈ ನಷ್ಟವನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ, ಬಾಯಲ್ಲಿ 'ಡಿಬಿ' ಅನ್ನುತ್ತಾರೆ. 3 ಡಿಬಿ ಹೋದರೆ ಬೆಳಕು ಅರ್ಧ ಆಯಿತು ಅಂತ ತಿಳಕೊಳ್ಳಿ. 10 ಡಿಬಿ ಹೋದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು. ನಮ್ಮ ಮನೆಯಲ್ಲಿ 7 ಡಿಬಿ ಹೋಗಿತ್ತು, ಅಂದರೆ ಬೆಳಕು ಐದರಲ್ಲಿ ಒಂದು ಪಾಲಿಗೆ ಇಳಿದಿತ್ತು.

ಎಕ್ಸ್‌ಚೇಂಜಿನ ಯಂತ್ರದಿಂದ ಹೊರಟ ಒಂದೇ ಎಳೆಯ ಬೆಳಕನ್ನು 8, 16, 32 ಮನೆಗಳಿಗೆ ಹಂಚುವುದು ಸ್ಪ್ಲಿಟರ್. ಒಳಗೆ ಯಂತ್ರ ಇಲ್ಲ, ಕರೆಂಟ್ ಬೇಕಿಲ್ಲ. ಮರದ ಟೊಂಗೆಯಂತೆ ಕವಲೊಡೆದ ಗಾಜಿನ ದಾರಿ ಅಷ್ಟೇ. ಮಹಾರಾಷ್ಟ್ರದಲ್ಲಿ 'ಭಾರನಿಯಮನ' ಅಂದರೆ ಏನೆಂದು ಸೋಲಾಪುರದವರಿಗೆ ಬಿಡಿಸಿ ಹೇಳಬೇಕಿಲ್ಲ. ಲೈಟ್ ಹೋದರೂ ಸ್ಪ್ಲಿಟರ್‌ಗೆ ಏನೂ ಆಗದು. ಎಕ್ಸ್‌ಚೇಂಜ್ ಮತ್ತು ಮನೆ, ಎರಡು ತುದಿಗೆ ಕರೆಂಟ್ ಇದ್ದರೆ ಸಾಕು. ಆದ್ದರಿಂದಲೇ ಇದನ್ನು ಕಂಬ, ಗೋಡೆ, ಗುಂಡಿ ಎಲ್ಲಿ ಬೇಕಾದರೂ ಇಡಬಹುದು. ಎಲ್ಲಿ ಬೇಕಾದರೂ ಇಡಬಹುದು ಅಂತಲೇ ಎಲ್ಲೆಂದರಲ್ಲಿ ಇಡುತ್ತಾರೆ. ತೊಂದರೆ ಶುರುವಾಗೋದು ಇಲ್ಲಿಂದ.

ಪಾಲು ಮಾಡಿದರೆ ಖರ್ಚು

ಕಾಗದದ ಮೇಲೆ ಲೆಕ್ಕ ಮಾಡಿದರೆ ಎರಡು ಪಾಲಿಗೆ 3 ಡಿಬಿ. ಆದರೆ ಡಬ್ಬಿಯೊಳಗೂ ಸ್ವಲ್ಪ ಸೋರುತ್ತದೆ. ಹಾಗಾಗಿ ಎರಡು ಪಾಲಿಗೆ ಸುಮಾರು 3.5, ನಾಲ್ಕಕ್ಕೆ 7, ಎಂಟಕ್ಕೆ 10.5, ಮೂವತ್ತೆರಡಕ್ಕೆ 17.5 ಡಿಬಿ ಎಂದು ಹಿಡಿಯುತ್ತಾರೆ. ತಂತಿಗೆ ಕಿ.ಮೀ.ಗೆ ಬರೀ 0.35. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡ್ರಿ. ಒಂದು ಸಲ ಎರಡು ಪಾಲು ಮಾಡಿದರೆ 10 ಕಿ.ಮೀ. ತಂತಿ ಎಳೆದಷ್ಟು ಬೆಳಕು ಖರ್ಚಾಗುತ್ತದೆ! 'ನಿಮ್ಮ ಮನಿ ದೂರ ಐತ್ರಿ, ಅದಕ್ಕs ನೆಟ್ ಸ್ಲೋ' ಅಂತ ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ್ದು ಎಷ್ಟು ದೂರ ಅಂತಲ್ಲ, ನಡುವೆ ಎಷ್ಟು ಸಲ ಪಾಲು ಮಾಡೀರಿ ಅಂತ.

ನಮ್ಮ ಕಡೆ ಹೆಚ್ಚಾಗಿ ಇರುವ ಜಿಪಾನ್ ಪದ್ಧತಿಯಲ್ಲಿ ಸಾಮಾನ್ಯ ದರ್ಜೆಯ ಯಂತ್ರಕ್ಕೆ ಒಟ್ಟು 28 ಡಿಬಿ ಬಜೆಟ್ ಇರುತ್ತದೆ. ಎಕ್ಸ್‌ಚೇಂಜಿನಿಂದ ಮನೆ ಮುಟ್ಟುವ ತನಕ ಅಷ್ಟರೊಳಗೇ ಮುಗಿಸಬೇಕು. ಸಂಬಳದ ಹಾಗೆ, ತಿಂಗಳ ಕೊನೆಗೆ ಕೈ ಖಾಲಿ ಆಗಬಾರದು.

ಈ ಬಜೆಟ್ ಹಿಡಿದು ಚಿಂಚೋಳಿಗೆ ಹೋಗೋಣ. ಗುಲಬರ್ಗಾ ಕಡೆಯ ಓದುಗರು ಗೊಂದಲ ಮಾಡಿಕೊಳ್ಳಬಾರದು, ಇದು ಕಲಬುರಗಿ ಜಿಲ್ಲೆಯ ಚಿಂಚೋಳಿ ಅಲ್ಲ. ಸೋಲಾಪುರ-ಪುಣೆ ಹೆದ್ದಾರಿಯ ಮೇಲೆ ಮೋಹೋಳ ತಾಲೂಕಿನಲ್ಲಿ ಇರುವ ಕೈಗಾರಿಕಾ ವಸಾಹತು. ಬಾಲಾಜಿ ಅಮೈನ್ಸ್‌ನಂಥ ರಾಸಾಯನಿಕ ಕಾರಖಾನೆ, ಪ್ರಿಸಿಶನ್ ಕ್ಯಾಮ್‌ಶಾಫ್ಟ್ಸ್‌ನಂಥ ವಾಹನದ ಬಿಡಿಭಾಗದ ಕಾರಖಾನೆ ಇಲ್ಲಿವೆ.

ಎಣಿಕೆಗಾಗಿ ಎಕ್ಸ್‌ಚೇಂಜ್ 15 ಕಿ.ಮೀ. ದೂರ ಇದೆ ಎಂದು ಹಿಡಿಯೋಣ. ತಂತಿಗೆ 5.25 ಡಿಬಿ ಹೋಯಿತು. 32 ಪಾಲಿನ ಸ್ಪ್ಲಿಟರ್‌ಗೆ 17.5. ನಾಲ್ಕು ಕನೆಕ್ಟರ್‌ಗೆ ತಲಾ ಅರ್ಧದಂತೆ 2. ಎಂಟು ಬೆಸುಗೆಗೆ 0.8. ಒಟ್ಟು 25.55. ಬಜೆಟ್‌ನಲ್ಲಿ ಇನ್ನೂ 2.45 ಉಳಿಯಿತು. ನಡೀತದ. ಇದೇ ಲೈನಿಗೆ 'ಇರ್ಲಿ ಬಿಡು' ಅಂತ ಯಾರೋ ಎರಡು ಪಾಲಿನ ಇನ್ನೊಂದು ಡಬ್ಬಿ ಕೂಡಿಸಿದರೆ ಮತ್ತೆ 3.5 ಹೋಗಿ ಲೆಕ್ಕ 29 ದಾಟುತ್ತದೆ, ಕೆಂಪು ದೀಪ ಹತ್ತುತ್ತದೆ. ನಮ್ಮ ಓಣಿಯ ಕಥೆ ಇದೇ.

ಇಲ್ಲಿ ಒಂದು ಮಾತು ಲಕ್ಷ್ಯದಲ್ಲಿ ಇರಲಿ. ಆ 32 ಪಾಲಿನ ಡಬ್ಬಿಯನ್ನು ಎಕ್ಸ್‌ಚೇಂಜಿನಲ್ಲೇ ಇಟ್ಟರೂ, ವಸಾಹತಿನ ಗೇಟಿನಲ್ಲಿ ಇಟ್ಟರೂ, ಕಾರಖಾನೆ ಗೋಡೆಗೆ ಇಟ್ಟರೂ ಗಿರಾಕಿಗೆ ಮುಟ್ಟುವ ಬೆಳಕು ಅಷ್ಟೇ. ಮೊದಲು ಪಾಲು ಮಾಡಿ ಆಮೇಲೆ ನಡೆದರೇನು, ಮೊದಲು ನಡೆದು ಆಮೇಲೆ ಪಾಲು ಮಾಡಿದರೇನು. ಹಾಗಾದರೆ ಜಾಗದ ಚಿಂತೆ ಯಾಕೆ ಎಂದು ಕೇಳಬಹುದು. ಯಾಕಂದ್ರ ಜಾಗ ಬದಲಾದರೆ ರೊಕ್ಕ ಬದಲಾಗತದ.

ನಡು ಅಂದ್ರ ನಡು ಅಲ್ಲ

ಒಂದು ನೇರ ರಸ್ತೆ ಹಿಡಿಯಿರಿ. ಮೊದಲ ಚೌಕದಲ್ಲಿ 20 ಗಿರಾಕಿ, ಒಂದು ಕಿ.ಮೀ. ಮುಂದೆ ಎರಡನೇ ಚೌಕದಲ್ಲಿ 5, ಮತ್ತೊಂದು ಕಿ.ಮೀ. ಮುಂದೆ ಮೂರನೇ ಚೌಕದಲ್ಲಿ 7. ಸ್ಪ್ಲಿಟರ್ ಎಲ್ಲಿ ಇಡುತ್ತೀರಿ? ಯಾರನ್ನೇ ಕೇಳಿ, ಹತ್ತರಲ್ಲಿ ಒಂಬತ್ತು ಮಂದಿ 'ನಡುವೆ' ಅನ್ನುತ್ತಾರೆ. ಲೆಕ್ಕ ಹಾಕೋಣ. ಡಬ್ಬಿಯಿಂದ ಪ್ರತಿ ಗಿರಾಕಿಗೆ ಬೇರೆ ಬೇರೆ ಎಳೆ ಹೋಗಬೇಕು. ನಡುವಿನ ಚೌಕದಲ್ಲಿ ಇಟ್ಟರೆ ಈ ಕಡೆ 20, ಆ ಕಡೆ 7, ಒಟ್ಟು 27 ಕಿ.ಮೀ. ಎಳೆ. ಮೊದಲ ಚೌಕದಲ್ಲೇ ಇಟ್ಟರೆ 5 ಮತ್ತು 14 ಸೇರಿ 19 ಕಿ.ಮೀ. ಮಾತ್ರ. ಕಡೇ ಚೌಕದಲ್ಲಿ ಇಟ್ಟರೆ 45! ಮಂದಿ ಅರ್ಧಕ್ಕಿಂತ ಹೆಚ್ಚು ಒಂದೇ ಕಡೆ ಇದ್ದರೆ ಡಬ್ಬಿಯೂ ಅಲ್ಲೇ ಇರಬೇಕು, ಉಳಿದವರು ಎಷ್ಟೇ ದೂರ ಇರಲಿ.

ಈ ಲೆಕ್ಕಕ್ಕೆ ಅಪ್ಪ ಅಜ್ಜ ಇದ್ದಾರೆ. 1964ರಲ್ಲಿ ಹಕೀಮಿ ಎಂಬ ಗಣಿತಜ್ಞರು ಟೆಲಿಫೋನ್ ಎಕ್ಸ್‌ಚೇಂಜ್ ಎಲ್ಲಿ ಇಟ್ಟರೆ ತಂತಿ ಕಡಿಮೆ ಹಿಡಿಯುತ್ತದೆ ಎಂಬ ಪ್ರಶ್ನೆಯನ್ನೇ ಎತ್ತಿಕೊಂಡು ಒಂದು ಪ್ರಬಂಧ ಬರೆದರು. ಅವರು ಸಾಧಿಸಿ ತೋರಿಸಿದ್ದು ಇಷ್ಟು: ಒಂದೇ ಒಂದು ಕೇಂದ್ರ ಇಡುವುದಿದ್ದರೆ, ಒಟ್ಟು ತಂತಿ ಅತಿ ಕಡಿಮೆ ಆಗುವ ಜಾಗ ಯಾವುದೋ ಒಂದು ಕೂಡುದಾರಿಯಲ್ಲೇ ಸಿಗುತ್ತದೆ, ರಸ್ತೆಯ ಮಧ್ಯದ ಯಾವ ಬಿಂದುವೂ ಅದನ್ನು ಮೀರಿಸಲಾರದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಡಬ್ಬಿಯ ಜಾಗ ಚೌಕ. ಯಾವ ಚೌಕ ಅನ್ನೋದನ್ನು ಮಾತ್ರ ಹುಡುಕಬೇಕು.

ಒಂದು ಚೌಕ, ಒಂದು ಡಬ್ಬಿ ಇದ್ದಾಗ ಇದು ಸುಲಭ. ನೂರಾರು ಡಬ್ಬಿ, ಸಾವಿರಾರು ಮನೆ, ಹತ್ತಾರು ರಸ್ತೆ ಆದಾಗ ಎಲ್ಲ ಸಾಧ್ಯತೆಗಳನ್ನು ಒಂದೊಂದಾಗಿ ಎಣಿಸುವುದು ಕಂಪ್ಯೂಟರ್‌ಗೂ ಭಾರ. ಹಾಗಾಗಿ ದೊಡ್ಡ ಕಂಪನಿಗಳು ಉತ್ತಮಕ್ಕೆ ಸಮೀಪದ ಉತ್ತರ ಕೊಡುವ ಸಾಫ್ಟ್‌ವೇರ್ ಬಳಸುತ್ತವೆ. ಸಣ್ಣ ಕೇಬಲ್‌ನವರು ಬೈಕ್ ಮೇಲೆ ಸುತ್ತಿ, ಮನೆ ಎಣಿಸಿ, ಅಂದಾಜು ಮಾಡುತ್ತಾರೆ. ಅವರ ಅಂದಾಜು ಬಹಳ ಸಲ ಸರಿಯೇ ಇರುತ್ತದೆ. ಯಾವ ಮನೆಯವರು ಕನೆಕ್ಷನ್ ತಗೋತಾರೆ, ಯಾರು ತಗೊಳ್ಳೋದಿಲ್ಲ ಅನ್ನೋದು ಸಾಫ್ಟ್‌ವೇರ್‌ಗೆ ಗೊತ್ತಿರೋದಿಲ್ಲ, ಇವರಿಗೆ ಗೊತ್ತಿರತದ.

ಖಾಲಿ ಪೋರ್ಟಿನ ಬಾಡಿಗೆ

ಬಿಕಾಂ ಓದಿದವರಿಗೆ ಇಷ್ಟವಾಗುವ ಭಾಗ ಈಗ ಬಂತು. ಸ್ಪ್ಲಿಟರ್ ಇಡಲು ಎರಡು ಪದ್ಧತಿ ಇವೆ. ಒಂದು, 32 ಪಾಲಿನ ಡಬ್ಬಿಯನ್ನು ಒಂದೇ ಜಾಗದಲ್ಲಿ ಇಟ್ಟು ಅಲ್ಲಿಂದ ಎಲ್ಲ ಕಡೆ ಎಳೆ ಎಳೆಯುವುದು. ಇನ್ನೊಂದು, ಚೌಕದಲ್ಲಿ ನಾಲ್ಕು ಪಾಲು ಮಾಡಿ, ಆಮೇಲೆ ಓಣಿಗೊಂದರಂತೆ ಎಂಟು ಪಾಲಿನ ಡಬ್ಬಿ ಇಡುವುದು. 7 ಮತ್ತು 10.5 ಕೂಡಿದರೆ ಅದೇ 17.5 ಡಿಬಿ. ಜೋಡಣೆ ಒಂದೆರಡು ಹೆಚ್ಚು, ಬೆಳಕಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ.

ವ್ಯತ್ಯಾಸ ಇರೋದು ಖಾಲಿ ಪೋರ್ಟಿನಲ್ಲಿ. ಎಂಟು ರಸ್ತೆ, ರಸ್ತೆಗೆ ಮೂರೇ ಗಿರಾಕಿ, ಒಟ್ಟು 24 ಎಂದು ಹಿಡಿಯಿರಿ. ಮೊದಲ ಪದ್ಧತಿಯಲ್ಲಿ ಒಂದು ಡಬ್ಬಿ, ಎಕ್ಸ್‌ಚೇಂಜಿನಲ್ಲಿ ಒಂದು ಪೋರ್ಟ್ ಸಾಕು, ಇನ್ನೂ ಎಂಟು ಜಾಗ ಉಳಿಯುತ್ತವೆ. ಯಾವ ರಸ್ತೆಯ ಹೊಸ ಗಿರಾಕಿ ಬಂದರೂ ಕೊಡಬಹುದು. ಎರಡನೇ ಪದ್ಧತಿಯಲ್ಲಿ ಎಂಟು ರಸ್ತೆಗೆ ಎಂಟು ಡಬ್ಬಿ, ಅವಕ್ಕೆ ಎರಡು ಮೇಲ್ಡಬ್ಬಿ, ಎಕ್ಸ್‌ಚೇಂಜಿನಲ್ಲಿ ಎರಡು ಪೋರ್ಟ್. 64 ಜಾಗದಲ್ಲಿ 40 ಖಾಲಿ. ಗಿರಣಿಯಲ್ಲಿ ಮಗ್ಗ ಹಾಕಿ ಓಡಿಸದೆ ಬಿಟ್ಟ ಹಾಗೆ.

ಚಿಂಚೋಳಿ ಎಂಐಡಿಸಿಗೆ ಇದನ್ನು ಹೊಂದಿಸಿ ನೋಡಿ. ಕೈಗಾರಿಕಾ ವಸಾಹತಿನ ಪ್ಲಾಟು ದೊಡ್ಡವು, ಗಿರಾಕಿ ಚದುರಿದವರು. ಯಾವ ಪ್ಲಾಟಿನ ಶೆಡ್ ನಾಳೆ ಬಂದ್ ಬೀಳುತ್ತದೆ, ಯಾವುದು ಚಾಲೂ ಆಗುತ್ತದೆ ಎಂದು ಮೊದಲೇ ಹೇಳಲಾಗದು. ಇಂಥಲ್ಲಿ ಡಬ್ಬಿಗಳನ್ನು ಒಂದು ದೊಡ್ಡ ಕಪಾಟಿನಲ್ಲಿ, ಒಂದೇ ಚೌಕದಲ್ಲಿ ಇಡುವುದು ಮೇಲು. ಎಳೆ ಹೆಚ್ಚು ಹಿಡಿಯುತ್ತದೆ ನಿಜ. ಆದರೆ ಎಳೆ ಅಗ್ಗ, ರಸ್ತೆ ಅಗೆಯುವುದು ತುಟ್ಟಿ. ಒಮ್ಮೆ ಚರ ತೋಡಿದ ಮೇಲೆ ಅದರೊಳಗೆ 12 ಎಳೆಯ ಕೇಬಲ್ ಹಾಕಿದರೂ 48 ಎಳೆಯದು ಹಾಕಿದರೂ ಅಗೆತದ ಕೂಲಿ ಒಂದೇ.

ಇನ್ನೊಂದು ಕಾರಣವೂ ಇದೆ. ಜಿಪಾನ್‌ನ ಒಂದು ಪೋರ್ಟಿನಿಂದ ಕೆಳಗೆ ಬರುವ ಒಟ್ಟು ವೇಗ ಸುಮಾರು 2.5 ಜಿಬಿಪಿಎಸ್. 32 ಮಂದಿ ಒಂದೇ ಹೊತ್ತಿಗೆ ಪೂರಾ ಎಳೆದರೆ ತಲಾ 78 ಎಂಬಿಪಿಎಸ್ ಬರುತ್ತದೆ. ಮನೆಗೆ ಸಾಕು. ದೊಡ್ಡ ಕಾರಖಾನೆಗೆ ಸಾಲದು ಅನ್ನಿಸಿದರೆ, ಡಬ್ಬಿಗಳೆಲ್ಲ ಒಂದೇ ಕಪಾಟಿನಲ್ಲಿ ಇದ್ದಾಗ ಅದರ ಎಳೆಯನ್ನು 32ರ ಡಬ್ಬಿಯಿಂದ ಕಿತ್ತು 8ರ ಡಬ್ಬಿಗೆ ಹಚ್ಚುವುದು ಐದು ನಿಮಿಷದ ಕೆಲಸ. ಕಂಬ ಕಂಬಕ್ಕೆ ಚದುರಿದ್ದರೆ ಆ ಐದು ನಿಮಿಷ ಐದು ದಿನ ಆಗತದ.

ಸೋಲಾಪುರದ ಇನ್ನೊಂದು ಮಗ್ಗುಲಿಗೆ ಬನ್ನಿ, ಲೆಕ್ಕ ಪೂರ್ತಿ ಉಲ್ಟಾ. ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಗೋದೂತಾಯಿ ಪರುಳೇಕರ್ ಹೆಸರಿನಲ್ಲಿ 10,000 ಮನೆಗಳ ವಸಾಹತು 2006ರಲ್ಲಿ ಆಯಿತು. ಅದರ ನಂತರ ಅಸಂಘಟಿತ ಕಾಮಗಾರರಿಗಾಗಿ ರಾಯನಗರದ 30,000 ಮನೆಗಳ ಯೋಜನೆ ಬಂತು. ಅದರಲ್ಲಿ 15,000 ಮನೆಗಳ ಹಸ್ತಾಂತರ ಜನವರಿ 2024ರಲ್ಲಿ ನಡೆಯಿತು. ಗೋಡೆಗೆ ಗೋಡೆ ಹತ್ತಿದ ಮನೆಗಳು. ಇಂಥಲ್ಲಿ ಎಲ್ಲ ಎಳೆಗಳನ್ನೂ ಒಂದೇ ಕಪಾಟಿನಿಂದ ಎಳೆದರೆ ತಂತಿಯ ಜಂಗಲ್ ಆಗುತ್ತದೆ. 30,000 ಮನೆಯೂ ಕನೆಕ್ಷನ್ ತಗೊಂಡರೆ 32ರ ಲೆಕ್ಕದಲ್ಲಿ 938 ಪೋರ್ಟ್ ಬೇಕು. ಕಪಾಟಿನಿಂದ ಹೊರಡುವುದು 938 ಎಳೆಯೋ 30,000 ಎಳೆಯೋ? ಇಲ್ಲಿ ಪಾಲಿನ ಡಬ್ಬಿ ಮನೆಗಳ ಹತ್ತಿರ, ಓಣಿಯ ಬಾಯಲ್ಲೇ ಇರಬೇಕು. ಮಂದಿ ದಟ್ಟ ಇರುವುದರಿಂದ ಡಬ್ಬಿ ಬೇಗ ತುಂಬುತ್ತದೆ, ಪೋರ್ಟ್ ಖಾಲಿ ಬೀಳುವ ಹೆದರಿಕೆ ಕಡಿಮೆ.

ಪಂಗತದ ಕಡೀ ಎಲಿ

ಶಹರ ಬಿಟ್ಟು ಹಳ್ಳಿಗೆ ಹೋದರೆ ಸಮಸ್ಯೆಯ ಆಕಾರವೇ ಬೇರೆ. ಹಳ್ಳಿಗಳು ರಸ್ತೆಯ ಉದ್ದಕ್ಕೆ ಮಾಲೆಯಂತೆ ಇರುತ್ತವೆ. ಒಂದೇ ತಂತಿ ಊರಿಂದ ಊರಿಗೆ ಹೋಗುತ್ತದೆ, ಪ್ರತಿ ಊರು ತನ್ನ ಪಾಲು ತೆಗೆದುಕೊಂಡು ಉಳಿದದ್ದನ್ನು ಮುಂದೆ ಕಳಿಸುತ್ತದೆ. ಉಜನಿ ಕಾಲುವೆಯ ನೀರು ಕಂಡವರಿಗೆ ಇದರಲ್ಲಿರುವ ಅಪಾಯ ಕೂಡಲೇ ಹೊಳೆಯುತ್ತದೆ. ಮೇಲಿನವ ಗೇಟು ಪೂರಾ ತೆಗೆದರೆ ಕಡೇ ಹೊಲದವ ಬಾಯಿ ಬಿಡುತ್ತಾನೆ.

ಐದು ಹಳ್ಳಿ ಇವೆ ಅನ್ನೋಣ. ಪ್ರತಿ ಹಳ್ಳಿಯಲ್ಲಿ ಅರ್ಧ ಇಟ್ಟುಕೊಂಡು ಅರ್ಧ ಮುಂದೆ ಕಳಿಸುವ ಡಬ್ಬಿ ಹಾಕಿದರೆ ಮೊದಲ ಊರಿಗೆ 50 ಪಾಲು, ಎರಡನೆಯದಕ್ಕೆ 25, ಮೂರನೆಯದಕ್ಕೆ 12.5, ಕಡೇ ಎರಡು ಊರಿಗೆ ತಲಾ 6.25. ಕಡೇ ಊರು 20 ಕಿ.ಮೀ. ದೂರ ಇದ್ದು, ಅಲ್ಲಿ ಮತ್ತೆ ಎಂಟು ಮನೆಗೆ ಹಂಚಿದರೆ ಲೆಕ್ಕ ಹೀಗಾಗುತ್ತದೆ: ನಾಲ್ಕು ಡಬ್ಬಿ ದಾಟಲು 14 ಡಿಬಿ, ಎಂಟು ಪಾಲಿಗೆ 10.5, ತಂತಿಗೆ 7, ಜೋಡಣೆಗೆ ಒಂದೂವರೆ. ಒಟ್ಟು 33. ಬಜೆಟ್ 28. ಕಡೇ ಊರಿಗೆ ತಂತಿ ಮುಟ್ಟಿತು, ಬೆಳಕು ಮುಟ್ಟಲಿಲ್ಲ.

ಜಾತ್ರೆಯ ಪಂಗತದಲ್ಲಿ ಬಡಿಸುವ ಹಿರಿಯರು ಹೀಗೆ ಮಾಡುವುದಿಲ್ಲ. ಮೊದಲ ಎಲೆಗೆ ಕೈ ಬಿಗಿ ಹಿಡಿಯುತ್ತಾರೆ, ಕಡೇ ಎಲೆ ಎಷ್ಟು ದೂರ ಇದೆ ಎಂದು ಕಣ್ಣಳತೆ ಮಾಡಿಕೊಂಡೇ ಹೊರಡುತ್ತಾರೆ. ಫೈಬರ್‌ನಲ್ಲೂ ಅದಕ್ಕೆ ದಾರಿ ಇದೆ. ಕೇಬಲ್ ಟಿವಿಯವರಿಗೆ 'ಕಪ್ಲರ್' ಅಂದರೆ ಹಳೇ ಗುರುತು. ಸಮ ಪಾಲು ಮಾಡದ ಸ್ಪ್ಲಿಟರ್ ಅದು. ಮೊದಲ ಊರಲ್ಲಿ 20-80ರ ಕಪ್ಲರ್ ಹಾಕಿ: 20 ಪಾಲು ಊರಿಗೆ, 80 ಮುಂದೆ. ಎರಡನೇ ಊರಲ್ಲಿ 25-75: ಎಂಬತ್ತರ ಕಾಲು ಭಾಗ ಮತ್ತೆ 20, ಮುಂದೆ 60. ಮೂರನೇ ಊರಲ್ಲಿ 33-67: ಮತ್ತೆ 20, ಮುಂದೆ 40. ನಾಲ್ಕನೇ ಊರಲ್ಲಿ 50-50: ಅಲ್ಲಿಗೆ 20, ಕಡೇ ಊರಿಗೂ 20. ಐದೂ ಎಲೆಗೆ ಸಮ ಬಂತು. ಕಡೇ ಊರಿನ ಲೆಕ್ಕ ಈಗ 33ರಿಂದ ಸುಮಾರು 27ಕ್ಕೆ ಇಳಿಯುತ್ತದೆ. ಬಜೆಟ್ ಒಳಗೆ, ಅಂಚಿನಲ್ಲಿ. ಯಂತ್ರ ಅದೇ, ತಂತಿ ಅದೇ. ಡಬ್ಬಿ ಯಾವುದನ್ನು ಯಾವ ಊರಲ್ಲಿ ಇಡಬೇಕು ಅನ್ನೋದಷ್ಟೇ ಬದಲಾಯಿತು.

ಈ ಅನುಕ್ರಮ ತಪ್ಪಿದರೆ ಮಾತ್ರ ಕೆಲಸ ಕೆಟ್ಟಿತು. ಮೊದಲ ಊರಿನ ಕಪ್ಲರ್ ಹಾಳಾಗಿ, ಗಡಿಬಿಡಿಯಲ್ಲಿ ಕೈಗೆ ಸಿಕ್ಕ 50-50ರದ್ದು ಹಾಕಿದರು ಅನ್ನಿ. ಹಾಕಿದ ಊರಲ್ಲಿ ನೆಟ್ ಮೊದಲಿಗಿಂತ ಚಲೋ ಬರುತ್ತದೆ, ಅಲ್ಲಿ ಯಾರೂ ದೂರು ಕೊಡುವುದಿಲ್ಲ. ನಾಲ್ಕು ಊರು ಆಚೆ ದೀಪ ಕೆಂಪಾಗುತ್ತದೆ. ಅಲ್ಲಿಯ ಲೈನ್‌ಮನ್ ತನ್ನ ಊರಿನ ತಂತಿಯನ್ನೇ ಹುಡುಕುತ್ತ ಕೂಡುತ್ತಾನೆ.

ಗ್ರಾಮಪಂಚಾಯತಿಗೆ ಬಂದ ತಂತಿ

ಹಳ್ಳಿಗೆ ಫೈಬರ್ ಒಯ್ಯುವ ದೊಡ್ಡ ಸರಕಾರಿ ಪ್ರಯತ್ನ ಅಕ್ಟೋಬರ್ 2011ರಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ. ಅದೇ ಮುಂದೆ ಭಾರತ್‌ನೆಟ್ ಆಯಿತು. ಮೊದಲ ಹಂತದ ಪದ್ಧತಿ ಇಲ್ಲಿ ಹೇಳಿದ್ದೇ: ತಾಲೂಕು ಮಟ್ಟದ ಎಕ್ಸ್‌ಚೇಂಜಿನಲ್ಲಿ ಯಂತ್ರ, ಇದ್ದ ಹಳೇ ಸರಕಾರಿ ಫೈಬರ್ ಎಲ್ಲಿಯ ತನಕ ಇದೆಯೋ ಅಲ್ಲಿಯ ತನಕ ಅದನ್ನೇ ಬಳಸಿ, ಆ ಕೂಡು ಜಾಗದಿಂದ ಪಂಚಾಯತಿಗೆ ಹೊಸ ಕೇಬಲ್. ಪಾಲು ಮಾಡುವ ಸ್ಪ್ಲಿಟರ್ ಆ ಕೂಡು ಜಾಗದಲ್ಲೇ. ಹೊಸ ಅಗೆತ ಉಳಿಸುವ ಜಾಣ ಲೆಕ್ಕ. ಡಿಸೆಂಬರ್ 2017ರ ಹೊತ್ತಿಗೆ ದೇಶದ 1 ಲಕ್ಷ ಗ್ರಾಮಪಂಚಾಯತಿ ಮುಟ್ಟಿದ್ದಾಗಿ ಸರಕಾರ ಹೇಳಿತು. ಎರಡನೇ ಹಂತದಲ್ಲಿ ಮಹಾರಾಷ್ಟ್ರ ಸರಕಾರವೇ ಮಹಾನೆಟ್ ಹೆಸರಿನಲ್ಲಿ ಕೆಲಸ ಕೈಗೆತ್ತಿಕೊಂಡಿತು.

ಆದರೆ ಜಾಣ ಲೆಕ್ಕಕ್ಕೂ ಒಂದು ಕುಂದು ಇತ್ತು. ಟೊಂಗೆಯಂತೆ ಹರಡಿದ ಜಾಲದಲ್ಲಿ ಬುಡ ಕಡಿದರೆ ಎಲ್ಲ ಎಲೆ ಒಣಗುತ್ತವೆ. ರಸ್ತೆ ಅಗಲ ಮಾಡಲು, ನೀರಿನ ಪೈಪ್ ಹಾಕಲು ಜೆಸಿಬಿ ಬಂದರೆ ಒಂದೇ ಏಟಿಗೆ ಹಿಂದಿನ ಎಲ್ಲ ಊರು ಕತ್ತಲು. ಸ್ಪ್ಲಿಟರ್ ದಾಟಿದ ಮೇಲೆ ತಂತಿ ಎಲ್ಲಿ ತುಂಡಾಗಿದೆ ಎಂದು ಎಕ್ಸ್‌ಚೇಂಜಿನಲ್ಲಿ ಕೂತು ಅಳೆಯುವುದೂ ಕಷ್ಟ. ಎಲ್ಲ ಟೊಂಗೆಗಳಿಂದ ಮರಳಿ ಬಂದ ಬೆಳಕು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಕಡೆಗೆ ಆಗಸ್ಟ್ 2023ರಲ್ಲಿ ಕೇಂದ್ರ ಸಂಪುಟ 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಭಾರತ್‌ನೆಟ್ ಒಪ್ಪಿತು. ಅದರಲ್ಲಿ ಪಂಚಾಯತಿಗಳನ್ನು ಟೊಂಗೆಯಂತೆ ಅಲ್ಲ, ಉಂಗುರದಂತೆ ಜೋಡಿಸಬೇಕು. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬೆಳಕು ಬರಬೇಕು. ಹತ್ತು ವರ್ಷದ ಅನುಭವ ಆದ ಮೇಲೆ ನಕಾಶೆಯೇ ಬದಲಾಯಿತು ಅನ್ನಬಹುದು.

ಚಿಂಚೋಳಿಯಂಥ ವಸಾಹತಿನಲ್ಲಿ ಇದಕ್ಕೆ ಸಣ್ಣ ಉಪಾಯ ಇದೆ. ಎರಡು ಬಾಯಿಯ ಸ್ಪ್ಲಿಟರ್ ಸಿಗುತ್ತವೆ: ಒಳಗೆ ಬರಲು ಎರಡು ಎಳೆ, ಹೊರಗೆ 32. ಒಂದು ಎಳೆಯನ್ನು ಹೆದ್ದಾರಿ ಕಡೆಯಿಂದ, ಇನ್ನೊಂದನ್ನು ಬೇರೆ ರಸ್ತೆಯಿಂದ ತಂದು ಹಚ್ಚಿದರೆ ಒಂದು ಕಡಿದಾಗ ಇನ್ನೊಂದು ನಡೆಸುತ್ತದೆ. ಎರಡನ್ನೂ ಒಂದೇ ಚರದಲ್ಲಿ ಹಾಕಿದರೆ ಪ್ರಯೋಜನ ಇಲ್ಲ, ಜೆಸಿಬಿಗೆ ಎರಡೂ ಒಂದೇ. ಇಂಥ ಡಬ್ಬಿಯ ಜಾಗ ಎರಡು ದಾರಿ ಬೇರೆ ಬೇರೆ ದಿಕ್ಕಿನಿಂದ ಬಂದು ಕೂಡುವ ಚೌಕ. ಮತ್ತೆ ಚೌಕಕ್ಕೇ ಬಂದೆವು.

ಗಡಿ ಗೊತ್ತಿಲ್ಲದ ಬೆಳಕು

ಗಡಿಭಾಗದವರಿಗೆ ಒಂದು ತೊಡಕು ಹೆಚ್ಚಿದೆ. ಇಂಟರ್‌ನೆಟ್ ಸೇವೆಯ ಪರವಾನಗಿಯನ್ನು ಎ, ಬಿ, ಸಿ ಎಂದು ಮೂರು ದರ್ಜೆ ಮಾಡಿ ಕೊಡುತ್ತ ಬಂದಿದ್ದಾರೆ. ಎ ಇಡೀ ದೇಶಕ್ಕೆ, ಬಿ ಒಂದು ಟೆಲಿಕಾಂ ಸರ್ಕಲ್‌ಗೆ, ಸಿ ಹೆಚ್ಚುಕಡಿಮೆ ಒಂದು ಜಿಲ್ಲೆಯಷ್ಟು ಪ್ರದೇಶಕ್ಕೆ. ದುಧನಿ ದಾಟಿದರೆ ಕಲಬುರಗಿ ಜಿಲ್ಲೆ, ಬೇರೆ ಸರ್ಕಲ್. ಈ ಕಡೆಯ ಹಳ್ಳಿಗೆ ಎರಡು ಕಿ.ಮೀ. ಆಚೆಯ ಚೌಕದಲ್ಲೇ ಡಬ್ಬಿ ಇದ್ದು, ಅದರಲ್ಲಿ ಪೋರ್ಟ್ ಖಾಲಿ ಇದ್ದರೂ, ಸಿ ದರ್ಜೆಯ ಸಣ್ಣ ಕಂಪನಿ ಗಡಿ ದಾಟಿ ಎಳೆ ಎಳೆಯಲಾಗದು. ಹಕೀಮಿಯವರ ಲೆಕ್ಕದಲ್ಲಿ ರಾಜ್ಯದ ಗಡಿ ಎಂಬ ಗೆರೆ ಇರಲಿಲ್ಲ. ಬೀಗರು ಆ ಕಡೆ, ಹೊಲ ಈ ಕಡೆ ಇರುವ ನಮ್ಮ ಹಳ್ಳಿಗಳು ಎರಡೂ ಜಾಲದ ಕಡೀ ಎಲೆಗಳೇ ಆಗಿ ಉಳಿಯುವುದು ಇದರಿಂದಲೇ. ಬೆಳಗಾವಿಯ ವಿವಾದ ಗೊತ್ತಿದ್ದವರಿಗೂ ಈ ಗಡಿ ಸಮಸ್ಯೆ ಗೊತ್ತಿರಲಿಕ್ಕಿಲ್ಲ.

ಹೊಸ ಕನೆಕ್ಷನ್ ತಗೊಳ್ಳುವ ಓದುಗರು ಲೈನ್‌ಮನ್‌ಗೆ ಎರಡು ಮಾತು ಕೇಳಿ ಇಟ್ಟುಕೊಳ್ಳುವುದು ಚಲೋ. ಮನೆಯಲ್ಲಿ ಮೀಟರ್ ಎಷ್ಟು ತೋರಿಸುತ್ತದೆ, ಮತ್ತು ನಮ್ಮ ಡಬ್ಬಿ ಯಾವ ಕಂಬದ್ದು. ಮೈನಸ್ 27 ದಾಟಿದರೆ ಸಾಮಾನ್ಯ ಯಂತ್ರ ನಡೆಯುವುದಿಲ್ಲ, ಮೈನಸ್ 25ರ ಹತ್ತಿರ ಇದ್ದರೂ ಒಂದೆರಡು ಜೋಡಣೆ ಕೆಟ್ಟರೆ ಕೆಂಪು ದೀಪ ಗ್ಯಾರಂಟಿ. ತಂತಿಯ ತುದಿಯಲ್ಲಿ ಇಣುಕಿ 'ಬೆಳಕು ಬರತೈತೇನು' ಅಂತ ನೋಡಲು ಮಾತ್ರ ಹೋಗಬೇಡಿ. ಅದು ಕಣ್ಣಿಗೆ ಕಾಣುವ ಬೆಳಕಲ್ಲ, ಆದರೆ ಕಣ್ಣಿಗೆ ಅಪಾಯದ್ದು. ಮಕ್ಕಳಿಗೂ ಹೇಳಿ.

ನಮ್ಮ ಓಣಿಯ ಲೈನ್‌ಮನ್ ಅವತ್ತು ಹೋಗುವಾಗ ಡಬ್ಬಿಯ ಹಿಂದೆ ಪೆನ್ನಿನಿಂದ '-22' ಎಂದು ಬರೆದು ತಾರೀಖು ಹಾಕಿದ್ದ. ಹೋದ ತಿಂಗಳು ಬೇರೆ ಕೆಲಸಕ್ಕೆ ಬಂದಾಗ ಮತ್ತೆ ಅಳೆದ. ಮೈನಸ್ 23.

'ಒಂದು ಎಲ್ಲಿ ಹೋತೋ ತಮ್ಮಾ?' ಅಂತ ಅವ್ವ ಅಡುಗೆ ಮನೆಯಿಂದಲೇ ಕೇಳಿದಳು.

'ಧೂಳ ಐತ್ರೀ ಅವ್ವಾರ' ಅಂದ. ಪಕ್ಕದ ಶೆಡ್ಡಿನಲ್ಲಿ ಟಾವೆಲ್ ನೇಯುವ ಮಗ್ಗ ಇವೆ, ಹತ್ತಿಯ ನಾರು ಗಾಳಿಯಲ್ಲಿ ಹಾರುತ್ತಲೇ ಇರುತ್ತದೆ. ಒಂಬತ್ತು ಮೈಕ್ರಾನ್ ಗಾಜಿನ ಬಾಯಿಗೆ ಅಷ್ಟು ಸಾಕು. ಜೇಬಿನಿಂದ ಒರೆಸುವ ಪೆನ್ ತೆಗೆದು ತುದಿ ಒರೆಸಿದ, ಮೀಟರ್ ಹಚ್ಚಿದ, ಅವ್ವನಿಗೆ ಕಾಣುವ ಹಾಗೆ ಹಿಡಿದ.